ವ್ಯಕ್ತಿತ್ವ ವಿಚಾರ ಹಾಗೂ ಮನೋವಿಶ್ಲೇಷಣ ಶಾಸ್ತ್ರದ ಮೂಲತತ್ತ್ವಗಳು

ವಿದ್ಯಾಲಯವೊಂದರ ಹಿರಿಮೆಯನ್ನು ಅದರ ಕಟ್ಟಡಗಳಿಂದಲೂ ಪರೀಕ್ಷೆಯ ಫಲಿತಾಂಶಗಳಿಂದಲೂ ಅಳೆಯುವುದು ಲೋಕರೂಢಿ. ಆದರೆ ಅಲ್ಲಿ ಕಲಿತು ಹೊರಬಂದವರ ವ್ಯಕ್ತಿತ್ವವೇ ಅದರ ನಿಜವಾದ ಅಳತೆಗೋಲು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ವ್ಯಕ್ತಿತ್ವವೆಂಬ ಈ ಮಾತು ಸಭೆಗಳಲ್ಲಿ, ಅಭಿನಂದನ ಪತ್ರಗಳಲ್ಲಿ, ವಿದ್ಯಾರ್ಥಿಗಳ ಪ್ರಗತಿಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದರ ಅರ್ಥವೇನು, ಅದು ರೂಪುಗೊಳ್ಳುವ ಬಗೆ ಯಾವುದು, ಅದು ಕೆಟ್ಟಾಗ ತಿದ್ದುವ ಮಾರ್ಗವುಂಟೆ ಎಂಬ ಪ್ರಶ್ನೆಗಳನ್ನು ಮಾತ್ರ ವಿಚಾರಿಸುವವರು ವಿರಳ.

ಈ ವಿಚಾರ ಕೇವಲ ಪಂಡಿತರ ಚರ್ಚೆಗೆ ಮೀಸಲಾದುದಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಿಂದ ಮಠಗಳ ಶಾಲೆಗಳಿಗೂ ಪ್ರಸಾದನಿಲಯಗಳಿಗೂ ಬರುವ ಮಕ್ಕಳಲ್ಲಿ ಬಹುಮಂದಿ ಒಕ್ಕಲುತನವನ್ನೇ ನಂಬಿದ ಮನೆಗಳವರು. ಮಳೆ ಕೈಕೊಟ್ಟ ವರ್ಷ ತಂದೆಯ ಹೆಗಲೇರಿದ ಸಾಲ, ತಾಯಿ ಒಳಗೊಳಗೇ ನುಂಗಿಕೊಂಡ ದುಃಖ, ಮನೆಯೊಳಗಿನ ಜಗಳ, ಸಾವು ನೋವು ಇವೆಲ್ಲವೂ ಮಗುವಿನ ಪಾಟಿಚೀಲದೊಡನೆ ಶಾಲೆಗೆ ಬರುತ್ತವೆ. ಶಿಕ್ಷಕನ ಕಣ್ಣಿಗೆ ಬೀಳುವುದು ಬರೆಯದ ಮನೆಪಾಠ, ತಪ್ಪಿದ ಹಾಜರಿ, ಕೊಡದ ಉತ್ತರ. ಕಂಡದ್ದನ್ನೇ ಪೂರ್ಣವೆಂದು ತಿಳಿದು ‘ದಡ್ಡ’, ‘ಉಡಾಳ’, ‘ಮೊಂಡ’ ಎಂದು ಹೆಸರಿಟ್ಟುಬಿಟ್ಟರೆ ಆ ಹೆಸರೇ ಆ ಬಾಲಕನ ಹಣೆಬರಹವಾಗುವ ಸಂಭವವುಂಟು. ಆದುದರಿಂದ ಕಂಡದ್ದರ ಹಿಂದೆ ಕಾಣದ್ದೇನಿದೆ ಎಂದು ಶೋಧಿಸುವ ಶಾಸ್ತ್ರದ ಮೂಲತತ್ತ್ವಗಳನ್ನು ತಿಳಿಯುವುದು ಶಿಕ್ಷಕರಿಗೂ ಪಾಲಕರಿಗೂ ವಿದ್ಯಾದಾನಕ್ಕೆ ಕೈಜೋಡಿಸಿದ ಮಹನೀಯರಿಗೂ ಅವಶ್ಯವಾಗಿದೆ.

ಶಬ್ದಾರ್ಥ ವಿಚಾರ

‘ವ್ಯಕ್ತಿ’ ಎಂಬುದು ‘ವಿ’ ಉಪಸರ್ಗಪೂರ್ವಕವಾದ ‘ಅಂಜ್’ ಧಾತುವಿನಿಂದ ಬಂದ ಶಬ್ದ. ಹೊರಗೆ ಪ್ರಕಟವಾದುದು, ಸ್ಫುಟವಾಗಿ ಕಾಣುವುದು ಎಂಬುದು ಅದರ ಮೂಲಾರ್ಥ. ಇಂಗ್ಲಿಷಿನ ‘ಪರ್ಸನ್ಯಾಲಿಟಿ’ ಎಂಬ ಪದವಾದರೋ ಲ್ಯಾಟಿನ್ ಭಾಷೆಯ ‘ಪರ್ಸೋನಾ’ ಎಂಬುದರಿಂದ ಹುಟ್ಟಿದೆ. ರಂಗದ ಮೇಲೆ ನಟರು ಧರಿಸುತ್ತಿದ್ದ ಮುಖವಾಡಕ್ಕೆ ಆ ಹೆಸರಿತ್ತು. ಒಂದು ಶಬ್ದ ಪ್ರಕಟವಾದುದನ್ನು ಹೇಳುತ್ತದೆ. ಇನ್ನೊಂದು ಮುಚ್ಚಿರುವುದನ್ನು ಸೂಚಿಸುತ್ತದೆ. ಮನುಷ್ಯನು ಈ ಎರಡೂ ಆಗಿದ್ದಾನೆ.

ಮುಖವಾಡದ ಮಾತು ಬಂದಾಗ ಹಾನಗಲ್ಲಿನ ಐತಿಹ್ಯ ಸಹಜವಾಗಿ ನೆನಪಾಗುತ್ತದೆ. ಶಾಸನಗಳಲ್ಲಿ ಪಾನುಂಗಲ್ಲೆಂದು ಕರೆಯಿಸಿಕೊಂಡ, ಕದಂಬರ ಶಾಖೆಯೊಂದರ ರಾಜಧಾನಿಯಾಗಿದ್ದ ಆ ಊರನ್ನು ಜನರು ವಿರಾಟನಗರವೆಂದು ನಂಬಿಕೊಂಡು ಬಂದಿದ್ದಾರೆ. ಪಾಂಡವರು ಅಜ್ಞಾತವಾಸದ ಒಂದು ವರ್ಷವನ್ನು ಕಳೆದದ್ದು ವಿರಾಟನ ಅರಮನೆಯಲ್ಲಿ. ಅವರು ಆರಿಸಿಕೊಂಡ ವೇಷಗಳನ್ನು ಗಮನಿಸಬೇಕು. ಜೂಜಿನಿಂದ ರಾಜ್ಯವನ್ನೇ ಕಳೆದುಕೊಂಡ ಧರ್ಮರಾಯನು ಕಂಕನೆಂಬ ಹೆಸರಿನಿಂದ ಅರಸನೊಡನೆ ಪಗಡೆಯಾಡುವ ಸಭಾಸದನಾದನು. ಊಟದಲ್ಲಿಯೂ ಬಲದಲ್ಲಿಯೂ ಎಣೆಯಿಲ್ಲದ ಭೀಮನು ವಲಲನಾಗಿ ಅಡುಗೆಮನೆಯನ್ನು ಸೇರಿದನು. ಅವಮಾನದಿಂದ ಮುಡಿ ಬಿಚ್ಚಿದ ದ್ರೌಪದಿಯು ಸೈರಂಧ್ರಿಯಾಗಿ ಮತ್ತೊಬ್ಬ ರಾಣಿಯ ಮುಡಿಯನ್ನು ಸಿಂಗರಿಸುವ ಕೆಲಸಕ್ಕೆ ನಿಂತಳು. ಮರೆಸುವುದಕ್ಕಾಗಿ ತೊಟ್ಟ ವೇಷವೇ ತೊಟ್ಟವರ ಅಂತರಂಗವನ್ನು ಹೇಳುತ್ತಿದೆ! ಮುಂದೆ ಕೀಚಕನ ಪ್ರಸಂಗ ಒದಗಿದಾಗ ಅಡುಗೆಯವನ ವೇಷದೊಳಗಿಂದ ಭೀಮನು ಹೊರಬಿದ್ದೇ ಬಿದ್ದನು. ಅದುಮಿಟ್ಟದ್ದು ಅಳಿಯುವುದಿಲ್ಲ, ಸಮಯ ಸಾಧಿಸಿ ಬೇರೊಂದು ರೂಪದಿಂದ ಹೊರಬರುತ್ತದೆ. ಮನೋವಿಶ್ಲೇಷಣ ಶಾಸ್ತ್ರದ ಪ್ರಥಮ ಸೂತ್ರವೂ ಇದೇ ಆಗಿದೆ.

ವರ್ಗೀಕರಣದ ಪ್ರಯತ್ನಗಳು

ಮನುಷ್ಯರ ಸ್ವಭಾವಗಳನ್ನು ವಿಂಗಡಿಸುವ ಯತ್ನ ಬಹು ಪ್ರಾಚೀನವಾದುದು. ಸಾಂಖ್ಯರು ಸತ್ತ್ವ, ರಜಸ್ಸು, ತಮಸ್ಸುಗಳೆಂಬ ತ್ರಿಗುಣಗಳನ್ನು ಹೇಳಿದರು. ಆಯುರ್ವೇದವು ವಾತ, ಪಿತ್ತ, ಕಫಗಳ ಆಧಾರದಿಂದ ಪ್ರಕೃತಿಭೇದವನ್ನು ನಿರೂಪಿಸಿತು. ಗ್ರೀಕ್ ವೈದ್ಯಪರಂಪರೆಯಲ್ಲಿ ದೇಹದ ನಾಲ್ಕು ರಸಗಳಿಗೆ ತಕ್ಕಂತೆ ನಾಲ್ಕು ಬಗೆಯ ಸ್ವಭಾವಗಳನ್ನು ಎಣಿಸಿದರು. 20ನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್‌ನು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದವನ್ನು ವಿವರಿಸಿದನು. ಅಮೆರಿಕದ ಗಾರ್ಡನ್ ಆಲ್‌ಪೋರ್ಟನು ತನ್ನ ಸಹೋದ್ಯೋಗಿಯೊಡನೆ 1936ರಲ್ಲಿ ಇಂಗ್ಲಿಷ್ ನಿಘಂಟನ್ನೇ ಶೋಧಿಸಿ, ಮನುಷ್ಯಸ್ವಭಾವವನ್ನು ಬಣ್ಣಿಸುವ ಸುಮಾರು 18,000 ಶಬ್ದಗಳನ್ನು ಪಟ್ಟಿಮಾಡಿದನು. ಕಾಲಕ್ರಮದಲ್ಲಿ ವಿದ್ವಾಂಸರು ಇಂಥ ಗುಣಗಳನ್ನು ಐದು ಮುಖ್ಯ ಗುಂಪುಗಳಿಗೆ ಇಳಿಸಿದರು: ಹೊಸತನಕ್ಕೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಜನ್ಯ ಮತ್ತು ಭಾವಗಳ ಏರುಪೇರು.

ಈ ವಿಂಗಡಣೆಗಳೆಲ್ಲ ಉಪಯುಕ್ತವೇ ಸರಿ. ಆದರೆ ಅವು ಒಬ್ಬನು ‘ಎಂಥವನು’ ಎಂಬುದನ್ನು ಹೇಳುತ್ತವೆಯೇ ಹೊರತು ‘ಏಕೆ ಹೀಗಾದನು’ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಬೆಳೆ ಬಾಡಿದೆ ಎಂದು ಹೇಳುವುದು ಒಂದು ಮಾತು. ಬೇರಿಗೆ ಏನಾಗಿದೆ ಎಂದು ಅಗೆದು ನೋಡುವುದು ಇನ್ನೊಂದು ಮಾತು. ಈ ಎರಡನೆಯ ಕಾರ್ಯಕ್ಕೆ ಕೈಹಾಕಿದವನು ಸಿಗ್ಮಂಡ್ ಫ್ರಾಯ್ಡ್.

ಫ್ರಾಯ್ಡನ ಶೋಧನೆ

ಪರದೇಶದ ಶಾಸ್ತ್ರ ಈ ನೆಲಕ್ಕೆ ಒಗ್ಗೀತೇ ಎಂದು ಕೆಲವರು ಸಂಶಯಪಡಬಹುದು. ಸವಣೂರಿನ ದೊಡ್ಡಹುಣಸೆ ಮಠದ ಆವರಣದ ಬೃಹದ್‌ವೃಕ್ಷಗಳು ಮೂಲತಃ ಆಫ್ರಿಕಾ ಖಂಡದ ಜಾತಿಯವು. ಅವು ಇಲ್ಲಿಯ ಮಣ್ಣಿನಲ್ಲಿ ಬೇರೂರಿ, ಇಲ್ಲಿಯ ಭಕ್ತರ ಪೂಜ್ಯಭಾವಕ್ಕೆ ಪಾತ್ರವಾಗಿ ನಿಂತವು. ವಿದ್ಯೆಯ ವಿಷಯದಲ್ಲಿಯೂ ಮೂಲವನ್ನು ಕೇಳುವುದಕ್ಕಿಂತ ಅದು ಕೊಡುವ ನೆರಳನ್ನು ಪರೀಕ್ಷಿಸುವುದು ಲೇಸು.

ಫ್ರಾಯ್ಡನು 1856ರಲ್ಲಿ ಮೊರಾವಿಯಾದ ಫ್ರೈಬರ್ಗ್ ಎಂಬ ಸಣ್ಣ ಊರಿನಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿದನು. ವಿಯೆನ್ನಾ ನಗರದಲ್ಲಿ ವೈದ್ಯನಾಗಿ ನರರೋಗಗಳ ಚಿಕಿತ್ಸೆಯನ್ನು ಕೈಕೊಂಡನು. ದೇಹದಲ್ಲಿ ಯಾವ ಊನವೂ ಇಲ್ಲದಿದ್ದರೂ ಕೈ ಮರಗಟ್ಟುವ, ಮಾತು ನಿಲ್ಲುವ, ದೃಷ್ಟಿ ಮಂಕಾಗುವ ರೋಗಿಗಳು ಆ ಕಾಲದ ವೈದ್ಯರಿಗೆ ಒಗಟಾಗಿದ್ದರು. ಫ್ರಾಯ್ಡನ ಹಿರಿಯ ಮಿತ್ರ ಬ್ರಾಯರ್ ಎಂಬ ವೈದ್ಯನು 1880ರಿಂದ 1882ರವರೆಗೆ ಉಪಚರಿಸಿದ ಒಬ್ಬ ತರುಣಿಯ ವೃತ್ತಾಂತ ಇಲ್ಲಿ ಉಲ್ಲೇಖನೀಯ. ಕಡುಬೇಸಗೆಯಲ್ಲಿ ಬಾಯಾರಿ ಬಳಲಿದರೂ ಆಕೆ ನೀರಿನ ಲೋಟವನ್ನು ತುಟಿಗೆ ಸೋಂಕಿಸಲಾರಳು. ಕಾರಣ ಆಕೆಗೂ ತಿಳಿಯದು. ಸಂಮೋಹಿತ ಸ್ಥಿತಿಯಲ್ಲಿದ್ದಾಗ ಒಂದು ದಿನ, ತನಗೆ ಹಿಡಿಸದ ಒಬ್ಬಾಕೆಯ ನಾಯಿ ಲೋಟದಿಂದ ನೀರು ಕುಡಿಯುವುದನ್ನು ಕಂಡು ಅಸಹ್ಯಪಟ್ಟದ್ದನ್ನೂ, ಸೌಜನ್ಯಕ್ಕಾಗಿ ಆಗ ಸುಮ್ಮನಿದ್ದದ್ದನ್ನೂ ಹೇಳಿ ಅಂದು ಅದುಮಿದ ಸಿಟ್ಟನ್ನು ಹೊರಹಾಕಿದಳು. ಎಚ್ಚೆತ್ತಾಗ ಲೋಟ ಅವಳ ತುಟಿಯಲ್ಲಿತ್ತು. ಆಕೆಯೇ ಈ ವಿಧಾನವನ್ನು ‘ಮಾತಿನ ಮದ್ದು’ ಎಂಬರ್ಥದಲ್ಲಿ ಕರೆದಳು. ಬ್ರಾಯರನೂ ಫ್ರಾಯ್ಡನೂ ಕೂಡಿ 1895ರಲ್ಲಿ ಇಂಥ ರೋಗಿಗಳ ಚರಿತ್ರೆಗಳನ್ನು ಪ್ರಕಟಿಸಿದರು.

ಮುಂದೆ ಫ್ರಾಯ್ಡನು ಸಂಮೋಹನವನ್ನು ಬಿಟ್ಟು, ರೋಗಿಯು ಮನಸ್ಸಿಗೆ ಬಂದುದನ್ನು ಬಂದ ಹಾಗೆಯೇ, ನಾಚಿಕೆ ಹಿಂಜರಿಕೆಗಳಿಲ್ಲದೆ ಹೇಳುತ್ತ ಹೋಗುವ ಪದ್ಧತಿಯನ್ನು ರೂಢಿಸಿದನು. 1900ರ ಇಸವಿಯನ್ನು ಹೊತ್ತು ಪ್ರಕಟವಾದ ಸ್ವಪ್ನಮೀಮಾಂಸೆಯ ಗ್ರಂಥದಲ್ಲಿ, ಕನಸು ಅರ್ಥಹೀನವಲ್ಲ, ಈಡೇರದ ಇಚ್ಛೆ ವೇಷ ಮರೆಸಿಕೊಂಡು ಬರುವ ಬಗೆ ಅದು ಎಂದು ವಾದಿಸಿದನು. ಆಡಬೇಕಾದ ಮಾತು ತಪ್ಪಿ ಇನ್ನೊಂದು ಮಾತು ಬಾಯಿಗೆ ಬರುವುದು, ಪರಿಚಿತರ ಹೆಸರೇ ಮರೆತುಹೋಗುವುದು ಮುಂತಾದ ದೈನಂದಿನ ಎಡವಟ್ಟುಗಳಲ್ಲಿಯೂ ಮನದಾಳದ ಕೈವಾಡವಿದೆ ಎಂಬುದು 1901ರಲ್ಲಿ ಅವನು ಮಂಡಿಸಿದ ವಿಚಾರ.

ಮನಸ್ಸಿನ ನೆಲೆಗಳು ಮತ್ತು ಶಕ್ತಿಗಳು

ಫ್ರಾಯ್ಡನ ಪ್ರಕಾರ ಮನಸ್ಸಿಗೆ ಮೂರು ನೆಲೆಗಳುಂಟು. ಈ ಕ್ಷಣ ನಮ್ಮ ಅರಿವಿನಲ್ಲಿ ಇರುವುದು ಜಾಗೃತ ಮನಸ್ಸು. ಈಗ ಅರಿವಿನಲ್ಲಿ ಇಲ್ಲದಿದ್ದರೂ ಪ್ರಯತ್ನದಿಂದ ನೆನಪಿಗೆ ಬರುವಂಥದು ಅರೆಜಾಗೃತ ಮನಸ್ಸು. ಎಷ್ಟು ಯತ್ನಿಸಿದರೂ ತಾನಾಗಿ ನೆನಪಿಗೆ ಬಾರದೆ, ಆದರೆ ನಡತೆಯನ್ನು ಒಳಗಿನಿಂದಲೇ ನಡೆಸುವಂಥದು ಸುಪ್ತ ಮನಸ್ಸು. ಸುಪ್ತವೆಂದರೆ ನಿದ್ರಿಸುತ್ತಿರುವುದು ಎಂದರ್ಥ. ಆದರೆ ಈ ಮನಸ್ಸು ನಿದ್ರಿಸುವುದಿಲ್ಲ, ಮರೆಯಲ್ಲಿದ್ದು ದುಡಿಯುತ್ತದೆ.

1923ರಲ್ಲಿ ಅವನು ಮನಸ್ಸಿನೊಳಗೆ ಮೂರು ಶಕ್ತಿಗಳನ್ನು ಗುರುತಿಸಿದನು. ಮೊದಲನೆಯದು ‘ಇಡ್’, ಅಂದರೆ ಹುಟ್ಟಿನಿಂದಲೇ ಬಂದ ಮೂಲವಾಂಛೆ. ಬೇಕೆಂದದ್ದು ಈಗಲೇ ಬೇಕು ಎಂಬುದು ಅದರ ಹಟ. ಎರಡನೆಯದು ‘ಈಗೋ’ ಅಥವಾ ಅಹಂ. ಗರ್ವವೆಂಬ ರೂಢಾರ್ಥವನ್ನು ಇಲ್ಲಿ ಗ್ರಹಿಸಬಾರದು. ಲೋಕದ ವಾಸ್ತವವನ್ನು ಅರಿತು ನಡೆಯುವ ವಿವೇಕಶಕ್ತಿ ಅದು. ಮೂರನೆಯದು ‘ಸೂಪರ್ ಈಗೋ’ ಅಥವಾ ಪರಾಹಂ. ತಂದೆತಾಯಿಗಳಿಂದಲೂ ಗುರುಹಿರಿಯರಿಂದಲೂ ಪಡೆದ ನೀತಿನಿಯಮಗಳು ಒಳಗೆ ನೆಲೆಗೊಂಡು ಆದ ನ್ಯಾಯಾಧೀಶ. ಒಂದು ಸರಳ ದೃಷ್ಟಾಂತವನ್ನು ನೋಡಬಹುದು. ಹಾನಗಲ್ಲ ಸೀಮೆಯ ಮಾವಿನ ತೋಟವೊಂದರ ಬೇಲಿಯ ಪಕ್ಕದಲ್ಲಿ ಹಸಿದ ಬಾಲಕನೊಬ್ಬನು ಹೊರಟಿದ್ದಾನೆ. ‘ಕಿತ್ತು ತಿನ್ನು’ ಎನ್ನುವುದು ಇಡ್. ‘ಕಳವು ಪಾಪ’ ಎನ್ನುವುದು ಪರಾಹಂ. ‘ತೋಟದವರನ್ನು ಕೇಳೋಣ, ಕೊಡದಿದ್ದರೆ ಮನೆಗೆ ಹೋಗಿ ಉಣ್ಣೋಣ’ ಎಂದು ದಾರಿ ಹುಡುಕುವುದು ಅಹಂ. ಈ ಮೂರರ ಸಮತೋಲವೇ ಆರೋಗ್ಯವಂತ ವ್ಯಕ್ತಿತ್ವ. ಇಡ್ ಮೇಲಾದರೆ ಸ್ವೇಚ್ಛಾಚಾರ ಬೆಳೆಯುತ್ತದೆ. ಪರಾಹಂ ಅತಿಕ್ರೂರವಾದರೆ ಸದಾ ಅಂಜುವ, ತನ್ನನ್ನೇ ಹಳಿದುಕೊಳ್ಳುವ ಕುಗ್ಗಿದ ಜೀವ ಸಿದ್ಧವಾಗುತ್ತದೆ.

ಶಿಕ್ಷಕ ವೃತ್ತಿಯವರು ವಿಶೇಷವಾಗಿ ಮನಗಾಣಬೇಕಾದ ಅಂಶ ಇಲ್ಲಿದೆ. ಪರಾಹಂ ಹುಟ್ಟಿನಿಂದ ಬಂದುದಲ್ಲ. ಹಿರಿಯರ ಧ್ವನಿಯಿಂದ ಕಟ್ಟಿಕೊಂಡದ್ದು. ಶಿಕ್ಷಕನು ಇಂದು ಹೊರಗಿನಿಂದ ಆಡಿದ ಮಾತು ನಾಳೆ ವಿದ್ಯಾರ್ಥಿಯು ತನಗೆ ತಾನೇ ಆಡಿಕೊಳ್ಳುವ ಮಾತಾಗುತ್ತದೆ. ‘ನಿನ್ನಿಂದ ಆಗದು’ ಎಂದು ವರ್ಗದ ಎದುರಿಗೆ ನುಡಿದ ಗುರುವು ಆ ಮಾತನ್ನು ಸಂಜೆಗೇ ಮರೆಯಬಹುದು. ಶಿಷ್ಯನು ನಡುವಯಸ್ಸಿನವನಾಗಿ ಸಂಸಾರ ನಡೆಸುತ್ತಿರುವಾಗಲೂ, ಹೊಸ ಕಾರ್ಯಕ್ಕೆ ಕೈಯಿಡುವ ಮುನ್ನ, ಅದೇ ಧ್ವನಿ ಅವನೊಳಗೆ ‘ನಿನ್ನಿಂದ ಆಗದು’ ಎಂದು ತಡೆಯುತ್ತಿರಬಹುದು.

ಮನಸ್ಸಿನ ರಕ್ಷಣಾತಂತ್ರಗಳು

ಒಳಗಿನ ಈ ಕಲಹದಿಂದ ಉಂಟಾಗುವ ಕಳವಳವನ್ನು ತಾಳಲಾರದೆ ಮನಸ್ಸು ತನಗರಿವಿಲ್ಲದಂತೆಯೇ ಕೆಲವು ಉಪಾಯಗಳನ್ನು ಹೂಡುತ್ತದೆ. ಫ್ರಾಯ್ಡನ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಇವುಗಳನ್ನು ಕ್ರಮವಾಗಿ ನಿರೂಪಿಸಿದಳು. ಆಕೆ ತಾರುಣ್ಯದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು ಎಂಬುದು ಸ್ಮರಣೀಯ.

ನೋವಿನ ನೆನಪನ್ನು ಅರಿವಿನಿಂದಲೇ ಹೊರದೂಡುವುದು ದಮನ. ತನ್ನೊಳಗಿನ ದೋಷವನ್ನು ಇತರರಲ್ಲಿ ಕಾಣುವುದು ಪ್ರಕ್ಷೇಪಣ. ತಾನು ಅಸೂಯೆಪಡುವ ಬಾಲಕನು ‘ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು’ ಎಂದು ದೂರುತ್ತಾನೆ. ಕಾರಣವನ್ನು ಮರೆಮಾಚಿ ಒಪ್ಪುವಂಥ ನೆಪವನ್ನು ಹೇಳುವುದು ಯುಕ್ತೀಕರಣ. ಕುಣಿಯಲಾರದವಳಿಗೆ ಅಂಗಳ ಡೊಂಕಾಗುವುದು ಇದಕ್ಕೆ ಉದಾಹರಣೆ. ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸುವುದು ಸ್ಥಾನಪಲ್ಲಟ. ‘ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ’ ಎಂದು ಹೆಂಗಳೆಯರು ಈ ತತ್ತ್ವವನ್ನು ಎಂದೋ ಕಂಡುಕೊಂಡಿದ್ದಾರೆ. ಮೇಲಧಿಕಾರಿಯಿಂದ ಬೈಸಿಕೊಂಡ ಶಿಕ್ಷಕನ ಕೈಯ ಕೋಲು ವಿದ್ಯಾರ್ಥಿಯ ಬೆನ್ನಿನ ಮೇಲೆ ಆಡಿದ್ದಾದರೆ ಅದೂ ಇದೇ ಜಾತಿಗೆ ಸೇರಿದ್ದು. ಕಷ್ಟ ಬಂದಾಗ ದಾಟಿಬಂದ ಎಳವೆಯ ನಡವಳಿಕೆಗೆ ಮರಳುವುದು ಹಿನ್ನಡೆ. ಮನೆಯಲ್ಲಿ ಎಂದೋ ಆ ರೂಢಿಯನ್ನು ಬಿಟ್ಟಿದ್ದ ಹುಡುಗನು ವಸತಿಗೃಹಕ್ಕೆ ಬಂದ ಹೊಸದರಲ್ಲಿ ಮತ್ತೆ ರಾತ್ರಿ ಹಾಸಿಗೆ ಒದ್ದೆಮಾಡಿಕೊಳ್ಳುವುದು ಅನೇಕ ಸಲ ಸೋಮಾರಿತನದ ಫಲವಲ್ಲ. ತಾಯಿಯನ್ನಗಲಿದ ಜೀವದ ಮೂಕ ಮೊರೆ.

ಇವೆಲ್ಲವುಗಳಲ್ಲಿ ಅತ್ಯಂತ ಹಿತಕರವಾದುದು ಉದಾತ್ತೀಕರಣ. ಹಿರೇಕೆರೂರಿನಂಥ ಊರ ಹೆಸರಿನಲ್ಲಿಯೇ ಕೆರೆಯಿದೆ; ಕೆರೆಯ ಧರ್ಮವನ್ನು ಆ ಸೀಮೆಯ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಂಬಿಬರುವ ನೀರಿಗೆ ತೂಬೂ ಇಲ್ಲದೆ ಕೋಡಿಯೂ ಇಲ್ಲದೆ ಬರಿಯ ಏರಿಯನ್ನೇ ಎತ್ತರಿಸುತ್ತ ಹೋದರೆ ಒಂದು ದಿನ ಏರಿ ಒಡೆದು ಊರೇ ಕೊಚ್ಚಿಹೋಗುತ್ತದೆ. ಅದೇ ನೀರನ್ನು ತೂಬಿನಿಂದ ಕಾಲುವೆಗೆ ಬಿಟ್ಟರೆ ಗದ್ದೆ ಹಸುರಾಗುತ್ತದೆ. ಮನಸ್ಸಿನ ಆವೇಗಗಳಿಗೂ ಇದೇ ನ್ಯಾಯ. ಜಗಳಗಂಟನಾದ ಹುಡುಗನಿಗೆ ಕುಸ್ತಿಯ ಅಖಾಡವೋ ಆಟದ ಮೈದಾನವೋ, ಒಳಗೊಳಗೇ ಕೊರಗುವವನಿಗೆ ಸಂಗೀತವೋ ಚಿತ್ರಕಲೆಯೋ ತೂಬಾಗಬಲ್ಲವು. ಭಜನೆ, ನಾಟಕ, ಆಟೋಟಗಳನ್ನು ಪಾಠದ ವೇಳೆ ಕಳೆಯುವ ವ್ಯರ್ಥಕಾರ್ಯಗಳೆಂದು ಭಾವಿಸುವವರು ಈ ಅಂಶವನ್ನು ಮರೆಯಬಾರದು.

ವ್ಯಕ್ತಿತ್ವವು ಒಮ್ಮೆ ಎರಕ ಹೊಯ್ದ ಮೇಲೆ ಬದಲಾಗದ ವಿಗ್ರಹವಲ್ಲ ಎಂಬುದಕ್ಕೆ ಶಿಗ್ಗಾಂವಿ ತಾಲೂಕಿನ ಎರಡು ಊರುಗಳು ಸಾಕ್ಷಿಯಾಗಿವೆ. ಬಾಡದಲ್ಲಿ ಹುಟ್ಟಿದ ತಿಮ್ಮಪ್ಪ ನಾಯಕನು ಖಡ್ಗ ಹಿಡಿದ ದಳವಾಯಿಯಾಗಿದ್ದು ಮುಂದೆ ಕನಕದಾಸರಾದರು. ಶಿಶುನಾಳದ ಷರೀಫರು ಕೆಲಕಾಲ ಶಾಲಾಶಿಕ್ಷಕರಾಗಿದ್ದು, ಕಳಸದ ಗೋವಿಂದಭಟ್ಟರನ್ನು ಗುರುಗಳನ್ನಾಗಿ ಪಡೆದು ಜಾತಿಮತಗಳ ಗೆರೆ ದಾಟಿದ ಅನುಭಾವಿಗಳಾದರು. ಇಂಥ ಮಹಾನುಭಾವರ ಭಕ್ತಿಯನ್ನು ಉದಾತ್ತೀಕರಣವೆಂಬ ಒಂದು ಪದದಲ್ಲಿ ಕಟ್ಟಿಹಾಕುವುದು ಅವಿವೇಕ. ಆದರೆ ಮನುಷ್ಯನು ನಡುಹಾದಿಯಲ್ಲಿಯೂ ಬೇರೊಬ್ಬನಾಗಬಲ್ಲನು ಎಂಬ ಭರವಸೆಯನ್ನು ಅವರ ಜೀವನ ಕೊಡುತ್ತದೆ.

ಆಡ್ಲರನ ವಿಚಾರ ಮತ್ತು ಗಾನಯೋಗಿಗಳ ನಿದರ್ಶನ

ಫ್ರಾಯ್ಡನ ಸಂಗಡಿಗನಾಗಿದ್ದು 1911ರಲ್ಲಿ ಅವನಿಂದ ಅಗಲಿದ ಆಲ್‌ಫ್ರೆಡ್ ಆಡ್ಲರನು ಕೀಳರಿಮೆಯ ತತ್ತ್ವವನ್ನು ಪ್ರತಿಪಾದಿಸಿದನು. ಎಳವೆಯಲ್ಲಿ ಪ್ರತಿಯೊಬ್ಬನಿಗೂ ತಾನು ಸಣ್ಣವನು, ಅಶಕ್ತನು ಎಂಬ ಭಾವವಿರುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳುವ ಹಂಬಲವೇ ಬೆಳವಣಿಗೆಯ ಚಾಲಕಶಕ್ತಿ ಎಂಬುದು ಅವನ ಮತ. ಪ್ರೋತ್ಸಾಹ ದೊರೆತರೆ ಕೊರತೆಯೇ ಸಾಧನೆಗೆ ಮೆಟ್ಟಿಲಾಗುತ್ತದೆ. ಹೀಯಾಳಿಕೆ ದೊರೆತರೆ ಅದೇ ಗಂಟಾಗಿ ಬಿಗಿಯುತ್ತದೆ. ಆಡ್ಲರನು ಸ್ವತಃ ರೋಗಿಷ್ಠ ಬಾಲಕನಾಗಿದ್ದನು. ಅವನು ಗಣಿತದಲ್ಲಿ ಹಿಂದೆ ಬಿದ್ದಾಗ, ಶಾಲೆ ಬಿಡಿಸಿ ಪಾದರಕ್ಷೆ ಮಾಡುವ ಕಸಬಿಗೆ ಹಚ್ಚಿರೆಂದು ಶಿಕ್ಷಕನು ತಂದೆಗೆ ಸಲಹೆ ಕೊಟ್ಟನಂತೆ. ತಂದೆಯು ಆ ಮಾತನ್ನು ಕೇಳಲಿಲ್ಲ. ಮಗನು ಗಣಿತದಲ್ಲಿ ಮುಂದೆ ಬಂದನು ಎಂದು ಅವನ ಚರಿತ್ರಕಾರರು ಹೇಳುತ್ತಾರೆ. ಮುಂದೆ ಅವನೇ ವಿಯೆನ್ನಾದ ಶಾಲೆಗಳಲ್ಲಿ ಶಿಕ್ಷಕರೊಡನೆ ಕೂಡಿ ಮಕ್ಕಳ ಮಾರ್ಗದರ್ಶನ ಕೇಂದ್ರಗಳನ್ನು ನಡೆಸಿದನು.

ಈ ತತ್ತ್ವಕ್ಕೆ ಹಾನಗಲ್ಲ ತಾಲೂಕಿನ ಮಣ್ಣೇ ಒಂದು ಉಜ್ಜ್ವಲ ನಿದರ್ಶನವನ್ನು ಕೊಟ್ಟಿದೆ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಒಂದು ಅಂಧ ಶಿಶು ಜನಿಸಿತು. ಲೋಕದ ಕಣ್ಣಿಗೆ ಕಂಡದ್ದು ಆ ಬಾಲಕನ ಕುರುಡು. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳ ಕಿವಿಗೆ ಕೇಳಿಸಿದ್ದು ಅವನ ಕಂಠ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹಾನುಭಾವರು ಬಾಲಕನಿಗೆ ಆಶ್ರಯವಿತ್ತು ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧರೂ ಅನಾಥರೂ ಆದ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡಿದರು. ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಪರಂಪರೆಯನ್ನು ಬೆಳಗಿದರು. ಕುಮಾರ ಸ್ವಾಮಿಗಳು ಆಡ್ಲರನ ಗ್ರಂಥವನ್ನು ಓದಿ ಈ ಕಾರ್ಯ ಮಾಡಲಿಲ್ಲ. ಕರುಣೆಯುಳ್ಳ ಗುರುವು ಶಾಸ್ತ್ರಕ್ಕಿಂತ ಮುಂಚೆಯೇ ಶಾಸ್ತ್ರದ ಸಾರವನ್ನು ಆಚರಿಸುತ್ತಾನೆ ಎಂಬುದಕ್ಕೆ ಇದು ಸಾಕ್ಷಿ.

ಶಾಸ್ತ್ರದ ಮಿತಿಗಳು

ಯಾವ ಶಾಸ್ತ್ರವನ್ನೂ ಕಣ್ಣುಮುಚ್ಚಿ ಒಪ್ಪುವುದು ವಿದ್ವತ್ತಿನ ಲಕ್ಷಣವಲ್ಲ. ಫ್ರಾಯ್ಡನ ಅನೇಕ ನಿರ್ಣಯಗಳು ವಿಯೆನ್ನಾ ನಗರದ ಕೆಲವೇ ರೋಗಿಗಳನ್ನು ಆಧರಿಸಿದವು. ಪ್ರಯೋಗದಿಂದ ಸುಳ್ಳೆಂದು ತೋರಿಸಲು ಅವಕಾಶವಿಲ್ಲದ ವಾದವು ವಿಜ್ಞಾನವಾಗದು ಎಂದು ಕಾರ್ಲ್ ಪಾಪರ್ ಎಂಬ ದಾರ್ಶನಿಕನು ಆಕ್ಷೇಪಿಸಿದನು. ಮಾತಿನ ಮದ್ದಿನಿಂದ ಗುಣಹೊಂದಿದಳೆಂದು ಹೇಳಲಾದ ಆ ತರುಣಿಯು ಚಿಕಿತ್ಸೆಯ ಬಳಿಕವೂ ಆರೋಗ್ಯಧಾಮಗಳಲ್ಲಿ ಇರಬೇಕಾಯಿತೆಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಆಕೆ ಮುಂದೆ ಸ್ತ್ರೀಯರ, ಅನಾಥರ ಸೇವೆಯಲ್ಲಿ ಹೆಸರಾದಳು. ಎಲ್ಲದಕ್ಕೂ ಕಾಮವೇ ಮೂಲವೆಂಬ ಅವನ ಒತ್ತನ್ನು ಯೂಂಗ್, ಆಡ್ಲರರೇ ಒಪ್ಪಲಿಲ್ಲ.

ಮಗನು ತಾಯಿಯಲ್ಲಿ ಅನುರಕ್ತನಾಗಿ ತಂದೆಯನ್ನು ಪ್ರತಿಸ್ಪರ್ಧಿಯಂತೆ ಕಾಣುವನೆಂಬ ಈಡಿಪಸ್ ತತ್ತ್ವವನ್ನು ಫ್ರಾಯ್ಡನು ಸಾರ್ವತ್ರಿಕವೆಂದನು. ಕಲಕತ್ತೆಯಲ್ಲಿ 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದ ಗಿರೀಂದ್ರಶೇಖರ ಬೋಸರು ಪತ್ರಮುಖೇನ ಫ್ರಾಯ್ಡನೊಡನೆ ಈ ವಿಷಯದಲ್ಲಿ ತಮ್ಮ ಭಿನ್ನಮತವನ್ನು ತಿಳಿಸಿದರು. ಆದರೂ 1931ರಲ್ಲಿ ಫ್ರಾಯ್ಡನ 75ನೆಯ ಜನ್ಮದಿನಕ್ಕೆ ಆ ಸಂಘವು ದಂತದ ವಿಷ್ಣುವಿಗ್ರಹವನ್ನು ಕಳುಹಿಸಿತು. ಭಿನ್ನಮತವಿದ್ದರೂ ಗೌರವ ಕುಂದಬೇಕಾಗಿಲ್ಲ ಎಂಬುದಕ್ಕೆ ಇದು ಸುಂದರ ಉದಾಹರಣೆ. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ಒಂದು ಜನಪದ ಕಥೆಯನ್ನು ಈ ಚರ್ಚೆಯಲ್ಲಿ ಮುಂದಿಟ್ಟರು. ತನ್ನ ಮಗನನ್ನೇ ಮದುವೆಯಾಗುವಳೆಂಬ ವಿಧಿಯಿಂದ ತಪ್ಪಿಸಿಕೊಳ್ಳಲು ಕಾಡು ಸೇರಿದ ಹೆಣ್ಣುಮಗಳು, ವಿಧಿಗೆ ಸಿಕ್ಕು, ತಾನೇ ಹೊಳೆಗೆ ಬಿಟ್ಟ ಕೂಸಿಗೆ ಸುತ್ತಿದ್ದ ಸೀರೆಯ ತುಂಡಿನಿಂದ ಸತ್ಯವನ್ನು ಅರಿಯುವ ಕಥೆ ಅದು. ಗ್ರೀಕರ ಕಥೆ ಮಗನ ದುರಂತ. ಕನ್ನಡದ ಕಥೆ ತಾಯಿಯ ದುರಂತ. ಒಂದು ದೇಶದ ಮನಸ್ಸಿಗೆ ಹೊಂದುವ ಅಳತೆ ಇನ್ನೊಂದಕ್ಕೆ ಇದ್ದಂತೆಯೇ ಹೊಂದುವುದಿಲ್ಲ ಎಂಬ ಪಾಠ ಇದರಿಂದ ದೊರೆಯುತ್ತದೆ.

ಧರ್ಮದ ವಿಷಯದಲ್ಲಿಯೂ ವ್ಯತ್ಯಾಸವನ್ನು ಮರೆಯಬಾರದು. ಫ್ರಾಯ್ಡನು ನಾಸ್ತಿಕನು; 1927ರ ಗ್ರಂಥದಲ್ಲಿ ಧರ್ಮವನ್ನು ಭ್ರಮೆಯೆಂದೇ ಕರೆದನು. ಯೋಗಶಾಸ್ತ್ರದ ಸಂಸ್ಕಾರ ವಾಸನೆಗಳಿಗೂ ಅವನ ಸುಪ್ತ ಮನಸ್ಸಿಗೂ ಹೋಲಿಕೆ ಕಂಡರೂ, ಅವನ ಶೋಧನೆ ಈ ಜನ್ಮದ ಬಾಲ್ಯದಲ್ಲಿಯೇ ನಿಲ್ಲುತ್ತದೆ. ಶರಣರು ಅಂತರಂಗಶುದ್ಧಿಯನ್ನು ಹೇಳಿದ್ದು ಲಿಂಗಾಂಗ ಸಾಮರಸ್ಯದ ಗುರಿಯಿಂದ. ಮನೋವಿಶ್ಲೇಷಕನು ಮನದ ಗಂಟನ್ನು ಬಿಡಿಸುವುದು ರೋಗಿಯು ದುಡಿಯಲು, ಪ್ರೀತಿಸಲು ಸಮರ್ಥನಾಗಲೆಂದು. ಎರಡೂ ಒಂದೇ ಎನ್ನುವುದು ಎರಡಕ್ಕೂ ಅಪಚಾರ. ತನ್ನ ಒಳಗನ್ನು ತಾನು ನೋಡಿಕೊಳ್ಳದವನಿಗೆ ಬಿಡುಗಡೆಯಿಲ್ಲ ಎಂಬಷ್ಟು ಮಾತ್ರ ಇಬ್ಬರಿಗೂ ಸಮ್ಮತ.

ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ ಮೈಸೂರು ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ವೈದ್ಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ವು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು, ಮನಸ್ಸಿನ ರೋಗಗಳ ವಿಚಾರವನ್ನು ತಿಳಿಗನ್ನಡದಲ್ಲಿ ಹೇಳಲು ಸಾಧ್ಯವೆಂಬುದನ್ನು ಅದು ಸಿದ್ಧಪಡಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1974ರಲ್ಲಿ ರೂಪುಗೊಂಡಿತು. ಆ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಾವೇರಿ ಜಿಲ್ಲೆಯ ಜನರಿಗೆ ಸಮೀಪದ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯಿದೆ. 2022ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ, ಕನ್ನಡದಲ್ಲಿಯೂ ದೊರೆಯುತ್ತಿದೆ. ಇಷ್ಟಿದ್ದರೂ ಮನಸ್ಸಿನ ನೋವನ್ನು ಹೇಳಿಕೊಳ್ಳುವುದು ನಾಚಿಕೆಗೇಡೆಂಬ ಭಾವನೆಯಿಂದ ಮುಚ್ಚಿಟ್ಟು, ಮಗುವನ್ನು ಕಳೆದುಕೊಂಡ ಮೇಲೆ ಮರುಗುವ ಮನೆಗಳು ಇಂದಿಗೂ ಇವೆ.

ಶಿಕ್ಷಕರ ಕರ್ತವ್ಯ

ಹಾಗಾದರೆ ಶಿಕ್ಷಕನು ಮನೋವೈದ್ಯನಾಗಬೇಕೆ? ಸರ್ವಥಾ ಇಲ್ಲ. ಅರೆಜ್ಞಾನದಿಂದ ಮಕ್ಕಳ ಕನಸುಗಳಿಗೆ ಅರ್ಥ ಹಚ್ಚುವುದೂ, ಎಳೆಯ ಮನಸ್ಸಿನ ಗುಟ್ಟುಗಳನ್ನು ಕೆದಕುವುದೂ ಅಪಾಯಕರ. ‘ಉಡಾಳ’ ಎಂಬ ಹೆಸರಿನ ಬದಲು ‘ಕೀಳರಿಮೆಯವನು’ ಎಂಬ ಶಾಸ್ತ್ರೀಯ ಹೆಸರನ್ನು ಅಂಟಿಸಿದರೆ ಆ ಬಾಲಕನಿಗೆ ಲಾಭವೇನು? ಶಿಕ್ಷಕನು ಮಾಡಬೇಕಾದ ಕೆಲಸ ಇದಕ್ಕಿಂತ ಸರಳ, ಆದರೆ ಇದಕ್ಕಿಂತ ಕಠಿಣ. ತಪ್ಪು ಕಂಡಾಗ ‘ಏನು ಶಿಕ್ಷೆ’ ಎಂದು ಯೋಚಿಸುವ ಮುನ್ನ ‘ಏಕೆ ಹೀಗೆ’ ಎಂದು ಕೇಳುವುದು. ಕೇಳಿದ ಮೇಲೆ ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವುದು. ಇದ್ದಕ್ಕಿದ್ದಂತೆ ಮೌನಿಯಾದ, ಊಟ ಆಟಗಳಲ್ಲಿ ಆಸಕ್ತಿ ಕಳೆದುಕೊಂಡ, ಸಾವಿನ ಮಾತಾಡುವ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ, ಪಾಲಕರಿಗೆ ತಿಳಿಸಿ, ಅಂದೇ ವೈದ್ಯರಲ್ಲಿಗೆ ಕಳುಹಿಸುವುದು. ಪರೀಕ್ಷೆಯಲ್ಲಿ ಅನುತ್ತೀರ್ಣನಾದವನ ಮನೆಗೆ ಫಲಿತಾಂಶದ ದಿನವೇ ಹೋಗಿ ಎರಡು ಮಾತಾಡಿ ಬರುವುದು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಆದರೆ ಕಾಯಿದೆಯ ಅಂಜಿಕೆಯಿಂದ ಕೆಳಗಿಟ್ಟ ಕೋಲು ನಾಲಗೆಯ ಮೇಲೆ ಮತ್ತೆ ಕುಳಿತುಕೊಳ್ಳದಂತೆ ನೋಡಿಕೊಳ್ಳಬೇಕಾದವನು ಶಿಕ್ಷಕನೇ.

ದಾನಿಗಳಿಗೂ ಇದರಲ್ಲಿ ಪಾಲಿದೆ. ಕೊಠಡಿಯ ಮೇಲೆ ಕೊಠಡಿ ಏರುವುದು ಸಂತೋಷದ ಸಂಗತಿ. ವಾರಕ್ಕೊಂದು ದಿನ ಬಂದು ಮಕ್ಕಳ ಮಾತನ್ನು ಕೇಳುವ ತರಬೇತಿ ಪಡೆದ ಒಬ್ಬ ಆಪ್ತಸಲಹೆಗಾರರ ವೇತನವನ್ನು ವಹಿಸಿಕೊಳ್ಳುವುದು ಅಷ್ಟೇ ಪುಣ್ಯದ ಕಾರ್ಯ; ಅದಕ್ಕೆ ಗೋಡೆಯ ಮೇಲೆ ಹಾಸುಗಲ್ಲು ಬೀಳದಿರಬಹುದು, ಉಳಿದ ಜೀವಗಳೇ ಅದರ ಶಾಸನ.

ಫ್ರಾಯ್ಡನ ಸಿದ್ಧಾಂತಗಳಲ್ಲಿ ಕೆಲವು ಕಾಲದ ಒರೆಗಲ್ಲಿನಲ್ಲಿ ನಿಲ್ಲಲಿಲ್ಲ. ಕೆಲವು ಬೇರೆ ಹೆಸರುಗಳಿಂದ ಉಳಿದುಕೊಂಡವು. ಆದರೆ ಮನುಷ್ಯನ ನಡತೆಗೆ ಅವನಿಗೇ ತಿಳಿಯದ ಕಾರಣವಿರಬಲ್ಲದು, ಆ ಕಾರಣವನ್ನು ಕೇಳುವ ಕಿವಿ ದೊರೆತರೆ ಅವನು ಬದಲಾಗಬಲ್ಲನು ಎಂಬ ಮಾತು ಶಾಲೆಯ ಜಗಲಿಯ ಮೇಲೆ ಇಂದಿಗೂ ಸತ್ಯ. ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಅಂಥ ಕಿವಿಯುಳ್ಳ ಗುರುಗಳು ದೊರೆತರು. ಹಳ್ಳಿಹಳ್ಳಿಗಳಿಂದ ಬಂದು ಕಡೆಯ ಸಾಲಿನಲ್ಲಿ ಮೌನವಾಗಿ ಕುಳಿತಿರುವ ಮಕ್ಕಳಿಗೆಲ್ಲ ಅಂಥ ಗುರುಗಳು ದೊರೆಯುವಂತಾಗಲಿ. ವಿದ್ಯಾದಾನದ ಪರಂಪರೆ ಸಾರ್ಥಕವಾಗಲಿ.